ಹದಿನೈದು ಎಂದು ಬರೆದಿದ್ದ ಟೇಪು

ಮಹಾಪೆಯ ಕಂಪನಿಯೊಂದರಲ್ಲಿ ನನ್ನ ಕೆಲಸ ಬೇರೆಯವರ ಡೇಟಾವನ್ನು ಬ್ಯಾಕಪ್ ಟೇಪಿಗೆ ಇಳಿಸಿಡುವುದು. ಒಂದು ಬೆಳಿಗ್ಗೆ ಡೊಂಬಿವಲಿಯ ಕನ್ನಡ ಸಂಘದ ಹಿರಿಯರೊಬ್ಬರು ಬಂದರು. ಉಡುಪಿ ಕಡೆಯವರು, ಹೋಟೆಲನ್ನು ಮಗನಿಗೆ ಬಿಟ್ಟು ಸಂಘದ ನಾಟಕಗಳನ್ನು ನಿರ್ದೇಶಿಸುತ್ತಿದ್ದವರು. ಆ ನಾಟಕಗಳ ಮತ್ತು ಅವುಗಳ ರಿಹರ್ಸಲ್ಲುಗಳ ವಿಡಿಯೊ ಬಾಡಿಗೆಯ ಡಿಸ್ಕಿನಲ್ಲಿತ್ತು, ಒಟ್ಟು ಹತ್ತು ಟೆರಾಬೈಟ್. ಸಂಜೆಗೆ ಡಿಸ್ಕನ್ನು ಅಳಿಸಿ ಹಿಂತಿರುಗಿಸಬೇಕಿತ್ತು. ಅವರು ಕೊಂಡು ತಂದಿದ್ದ ಟೇಪಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹದಿನೈದು ಟೆರಾಬೈಟ್ ಎಂದಿತ್ತು. ಅಡಿಯಲ್ಲಿ ಸಣ್ಣದಾಗಿ ಆರು.

ಮೊದಲು ಒಂದು ಫೈಲನ್ನಷ್ಟೇ ಬರೆದು ನೋಡಿದೆ. ಟೇಪಿನಲ್ಲಿ ಅದರ ಗಾತ್ರ ಚೂರೂ ಕುಗ್ಗಲಿಲ್ಲ.

"ಇದರಾಗ ಆರೇ ಹಿಡೀತಾವ್ರಿ," ಎಂದೆ. ನಾನು ವಿಜಯಪುರದವನು.

"ಹದಿನೈದು ಅಂತ ಬರ್ದುಂಟಲ್ಲ ಮಾರಾಯ್ರೆ?"

"ಅದು ಹಿಂಡಿ ಸಣ್ಣ ಮಾಡಿದ್ರ. ವಿಡಿಯೊ ಕ್ಯಾಮೆರಾದಾಗ ಹಿಂಡಿಸಿಕೊಂಡೇ ಬಂದಿರ್ತದ. ಇನ್ನೇನ್ ಹಿಂಡೂದ್ರಿ?"

ಇನ್ನೊಂದು ಟೇಪು ತರಿಸಲು ಎರಡು ದಿನ ಬೇಕಿತ್ತು. ಹಿರಿಯರು ಡಿಸ್ಕಿನವರಿಗೆ ಫೋನ್ ಮಾಡಿ ಎರಡು ದಿನ ಕೇಳಿದರು. "ನಹೀ ಹೋಗಾ ಅಂಕಲ್, ದೂಸ್ರಾ ಪಾರ್ಟಿ ರುಕಾ ಹೈ," ಎಂಬ ಉತ್ತರ ನನಗೂ ಕೇಳಿಸಿತು. ಡಿಸ್ಕಿಗೆ ಬೇರೆ ಗಿರಾಕಿ ಕಾಯುತ್ತಿದ್ದರು.

ಅವರು ಕುರ್ಚಿ ಎಳೆದುಕೊಂಡು ಫೋಲ್ಡರುಗಳನ್ನು ನೋಡುತ್ತ ಕುಳಿತರು. ಕೊನೆಗೆ, "ರಿಹರ್ಸಲ್ ಎಲ್ಲ ಹಾಕಿ. ಉಳಿದ ಜಾಗದಲ್ಲಿ ಎಷ್ಟು ಹಿಡೀತದೋ ಅಷ್ಟು ನಾಟಕ," ಎಂದರು.

ತಿರುವುಮುರುವಾಯಿತೇನೋ ಎಂದುಕೊಂಡು ಮತ್ತೆ ಕೇಳಿದೆ. ಅವರು ಒಂದು ರಿಹರ್ಸಲ್ ತೆರೆಸಿದರು. ಡೊಂಬಿವಲಿ ಪಕ್ಕದ ಠಾಕುರ್ಲಿಯ ಯಾವುದೋ ಶಾಲೆಯ ಕೋಣೆ. ಲೋಕಲ್ ರೈಲು ಇಳಿದು ನೇರವಾಗಿ ಬಂದಿದ್ದ ಜನ, ಹೆಗಲ ಬ್ಯಾಗನ್ನೂ ಇಳಿಸದೆ ಮಾತು ಒಪ್ಪಿಸುತ್ತಿದ್ದರು. ನಡುವೆ ಒಬ್ಬ ಹೆಂಗಸು ಮಾತು ಮರೆತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ಇವರು ಬ್ಯಾಂಕಲ್ಲಿದ್ರು. ಶೋಗೆ ವಾರ ಇರುವಾಗ ತೀರಿಕೊಂಡ್ರು. ಸ್ಟೇಜಿನ ವಿಡಿಯೊದಲ್ಲಿ ಇವರ ಪಾರ್ಟು ಬೇರೆಯವ್ರದ್ದು."

ಅವರು ಹೇಳಿದಂತೆ ಟೇಪಿಗೆ ಬರೆಯತೊಡಗಿದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇಬ್ಬರೂ ಊಟ ಮಾಡಿದೆವು. ಅವರು ಸಾರಿಗೆ ಉಪ್ಪು ಸಾಲದೆಂದರು. ಸಂಜೆಗೆ ಟೇಪು ತುಂಬಿತು. ಜಾಗ ಸಿಗದ ನಾಟಕಗಳು ಡಿಸ್ಕಿನೊಂದಿಗೆ ಅಳಿಸಿಹೋದವು.

ಸಂಘದಲ್ಲಿ ಗಲಾಟೆಯಾಯಿತಂತೆ. ರಾಜನ ವೇಷ ಹಾಕಿದ್ದವರೊಬ್ಬರು ನನಗೇ ಫೋನ್ ಮಾಡಿ, "ಕಿರೀಟ ಇದ್ದದ್ದು ಬಿಟ್ಟು ಬನಿಯನ್ ಹಾಕಿದ್ದು ಇಟ್ಟಿದ್ದೀರಲ್ಲ!" ಎಂದು ಕೂಗಾಡಿದರು. ಆಯ್ಕೆ ನನ್ನದಲ್ಲವೆಂದೆ. ಹಿರಿಯರು ಸಭೆಯಲ್ಲಿ ಕಾರಣ ಕೊಡಲಿಲ್ಲವೆಂದು ಆಮೇಲೆ ತಿಳಿಯಿತು. ಆ ವರ್ಷದ ನಾಟಕವನ್ನು ಬೇರೊಬ್ಬರು ಆಡಿಸಿದರು. ಇವರು ಮುಂದಿನ ಸಾಲಿನಲ್ಲಿ ಕುಳಿತು ನೋಡಿದರಂತೆ.