ಎರಡು ಸಲ ಫೇಲಾದ ಬಾಟಿಕ್ ಟೀಚರಮ್ಮ

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಹರಿದಿಲ್ಲ. ಕಸಿನೆಮ್ ಹಿತ್ತಲ ಜಗಲಿಯಲ್ಲಿ ಮೋಟು ಮಣೆಯ ಮೇಲೆ ಕೂತು ಒಲೆ ಊದುತ್ತಿದ್ದಾರೆ. ಒಲೆಯ ಮೇಲೆ ಅಂಗೈಯಗಲದ ಬಾಣಲೆ, ಅದರಲ್ಲಿ ಕರಗುತ್ತಿರುವ ಕಂದು ಮೇಣ. ಎದುರಿಗೆ ಬಿದಿರಿನ ಅಡ್ಡೆಯ ಮೇಲೆ ಇಳಿಬಿಟ್ಟ ಎರಡೂವರೆ ಮೀಟರ್ ಬಟ್ಟೆ. ಮೇಣ ಹದಕ್ಕೆ ಬಂತೇ ಎಂದು ಅವರು ಬೆರಳಿಟ್ಟು ನೋಡುವುದಿಲ್ಲ, ಮೂಗಿನಿಂದಲೇ ತಿಳಿಯುತ್ತಾರೆ. ಆಮೇಲೆ ಚಂಟಿಂಗನ್ನು, ಅಂದರೆ ಸಣ್ಣ ಮೂತಿಯ ತಾಮ್ರದ ಮೇಣದ ಲೇಖನಿಯನ್ನು, ಬಾಣಲೆಯಲ್ಲಿ ಅದ್ದಿ, ಮೂತಿಗೆ ಒಮ್ಮೆ ಉಫ್ ಎಂದು ಊದಿ ಬಟ್ಟೆಗೆ ತಾಗಿಸುತ್ತಾರೆ. ಎಡಗೈ ಬಟ್ಟೆಯ ಹಿಂದೆ ಆಸರೆಯಾಗಿರುತ್ತದೆ. ಐವತ್ತೇಳು ವರ್ಷ ಮೇಣದ ಬಿಸಿ ತಿಂದ ಆ ಬೆರಳ ತುದಿಗಳಿಗೆ ಈಗ ಬಿಸಿ ಗೊತ್ತಾಗುವುದಿಲ್ಲ.

ನೋಡಿದವರು ಅವರು ಹೊಸ ಚಿತ್ತಾರ ಬರೆಯುತ್ತಿದ್ದಾರೆ ಅಂದುಕೊಳ್ಳಬೇಕು. ಆದರೆ ಅದು ಬೇರೆಯವರು ಬರೆದ ಬಟ್ಟೆಯ ಬೆನ್ನು. ಕೈಯಲ್ಲಿ ಬರೆದ ಬಾಟಿಕ್‌ಗೆ ಎರಡೂ ಬದಿಗೆ ಮೇಣ ಹಚ್ಚಬೇಕು, ಇಲ್ಲದಿದ್ದರೆ ಬಣ್ಣ ಒಳಗೆ ನುಗ್ಗುತ್ತದೆ. ಮುಂಬದಿಯನ್ನು ಬಲ್ಲವರು ಬರೆಯುತ್ತಾರೆ, ಹಿಂಬದಿಯಲ್ಲಿ ಅದೇ ಗೆರೆಯ ಮೇಲೆ ಮತ್ತೆ ಕೈಯಾಡಿಸುವ ಕೆಲಸ ಕಲಿಯುವ ಹುಡುಗಿಯರದ್ದು. ಇಮೋಗಿರಿ ಗುಡ್ಡದ ಬುಡದ ಈ ಊರಿಗೆಲ್ಲ ಗುರುವಾಗಿದ್ದ ಹೆಂಗಸು ಅರವತ್ತಾರನೇ ವಯಸ್ಸಿನಲ್ಲಿ ಕಲಿಯುವ ಹುಡುಗಿಯ ಕೆಲಸ ಮಾಡುತ್ತಿದ್ದಾರೆ. ಕಾರಣ ಕೇಳಿದರೆ ಕೈ ನಿಲ್ಲಿಸದೆಯೇ ಹೇಳುತ್ತಾರೆ, "ನಾನು ಫೇಲಾಗಿದೀನಲ್ಲ, ಅದಕ್ಕೆ."

ಅವರು ಒಂಬತ್ತರ ಹುಡುಗಿಯಾಗಿದ್ದಾಗ ತಾಯಿ ಕೈಗೆ ಚಂಟಿಂಗ್ ಕೊಟ್ಟರು. ಶಾಲೆ ಎರಡನೇ ಕ್ಲಾಸಿಗೇ ಮುಗಿದಿತ್ತು. ಗಂಡ ಕಲ್ಲು ಒಡೆಯುತ್ತಿದ್ದವರು, ಎದೆಯಲ್ಲಿ ಧೂಳು ತುಂಬಿಕೊಂಡು ಬೇಗ ಹೋದರು. ದೊಡ್ಡ ಭೂಕಂಪದ ಬೆಳಗ್ಗೆ ಮನೆಯ ಗೋಡೆ ಕುಸಿದು, ಎಂಟು ತಿಂಗಳು ಬರೆದಿದ್ದ ಬಟ್ಟೆ ಇಟ್ಟಿಗೆಯಡಿ ಸೇರಿತು. ಅದನ್ನು ಎಳೆದು ತೆಗೆದು, ಒಗೆದು, ಹರಿದ ಕಡೆ ತೇಪೆ ಹಾಕಿ ಮೊಮ್ಮಗುವಿನ ತೊಟ್ಟಿಲಿಗೆ ಕಟ್ಟಿದರು. ಇದನ್ನೆಲ್ಲ ಹೇಳುವಾಗ ಅವರ ದನಿ ಏರುವುದಿಲ್ಲ. ದನಿ ಏರುವುದು ಕಲಿಸುವ ಮಾತು ಬಂದಾಗ ಮಾತ್ರ.

ಭೂಕಂಪವಾದ ಮೇಲೆ ಊರಿನ ಹೆಂಗಸರು ಸೇರಿ ಒಂದು ಹಜಾರ ಕಟ್ಟಿಕೊಂಡು, ಬಾಟಿಕ್ ಕಲಿಯಲು ಬರುವವರಿಗೆ ಅಲ್ಲೇ ಕಲಿಸತೊಡಗಿದರು. ಹದಿನಾರು ವರ್ಷ ಅಲ್ಲಿನ ಮುಖ್ಯ ಗುರು ಕಸಿನೆಮ್. ಹಜಾರದ ದಾಖಲೆ ಪುಸ್ತಕದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಹೆಸರುಗಳಿವೆ, ಜಕಾರ್ತದವರು, ಜಪಾನಿನವರು, ಡಚ್ಚರು. "ಹೆಸರು ಯಾರಿಗೆ ನೆನಪಿರತ್ತೆ? ಕೈ ನೆನಪಿದೆ" ಎನ್ನುತ್ತಾರೆ. "ಒಬ್ಬಳದು ನಡುಗ್ತಿತ್ತು, ಒಬ್ಬಳದು ಅವಸರದ ಕೈ. ಅವಸರದ ಕೈಗೆ ನಾನು ಮೂರು ದಿನ ಬರೀ ಒಲೆ ಕಾಯೋ ಕೆಲಸ ಕೊಡ್ತಿದ್ದೆ. ಬೈಕೊಳ್ತಿದ್ರು. ಆಮೇಲೆ ಗೆರೆ ನೆಟ್ಟಗೆ ಬಂದಾಗ ಅವರೇ ಅತ್ತುಬಿಡ್ತಿದ್ರು."

ಹಾಗೆ ಒಲೆ ಕಾದವರಲ್ಲಿ ಅನಿಂದ್ಯಾ ಒಬ್ಬಳು. ಹನ್ನೆರಡು ವರ್ಷದ ಹಿಂದೆ ಪಟ್ಟಣದಿಂದ ಬಂದು ಐದು ತಿಂಗಳು ಕಸಿನೆಮ್ ಮನೆಯಲ್ಲೇ ಇದ್ದಳು. ಅವರ ಚಾಪೆಯಲ್ಲಿ ಮಲಗಿ, ಅವರು ಬೇಯಿಸಿದ ಮರಗೆಣಸು ತಿಂದು, ಅವರ ಮಣಿಕಟ್ಟು ಹಿಡಿದು ಕಲಿತಳು. ಈಗ ಅವಳು ದೊಡ್ಡ ಪರೀಕ್ಷಕಿ.

ಪರೀಕ್ಷೆಯ ಕಥೆ ಹೀಗಿದೆ. ಎರಡು ವರ್ಷದ ಹಿಂದೆ, ಹೊರಗಿನವರಿಗೆ ಬಾಟಿಕ್ ಕಲಿಸುವವರ ಬಳಿ ಸಾಮರ್ಥ್ಯದ ಸರ್ಟಿಫಿಕೇಟ್ ಇರಲೇಬೇಕು ಎಂಬ ಮಾತು ಸರ್ಕಾರದ ಕಡೆಯಿಂದ ಬಂತು. ಊರಿನ ಇಪ್ಪತ್ತಮೂರು ಹೆಂಗಸರು ಪರೀಕ್ಷೆಗೆ ಕೂತರು. ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಚಿತ್ತಾರ, ಆಮೇಲೆ ಅದನ್ನು ಬಟ್ಟೆಗಿಳಿಸಿ ಮೇಣದಲ್ಲಿ ಬರೆಯುವುದು. ಕಸಿನೆಮ್ ಎಂದೂ ಪೆನ್ಸಿಲ್ ಹಿಡಿದವರಲ್ಲ, ಚಿತ್ತಾರ ನೇರವಾಗಿ ಕೈಯಿಂದ ಬಟ್ಟೆಗೆ ಹರಿಯುತ್ತದೆ. ಕಾಗದವನ್ನು ಪಕ್ಕಕ್ಕೆ ಸರಿಸಿ ಬರೆದುಬಿಟ್ಟರು, ಎಲ್ಲರಿಗಿಂತ ಮೊದಲೇ ಮುಗಿಸಿದರು. ಫಲಿತಾಂಶದ ಹಾಳೆಯಲ್ಲಿ "ಕಾಗದ ಖಾಲಿ" ಎಂದಿತ್ತು. "ಚಂಟಿಂಗಿಗೆ ಬಾಯಿಂದ ಊದುತ್ತಾರೆ, ನೈರ್ಮಲ್ಯವಿಲ್ಲ" ಎಂದೂ ಇತ್ತು. ಕೆಳಗೆ ದಪ್ಪಕ್ಷರದಲ್ಲಿ: ಇನ್ನೂ ಸಮರ್ಥರಲ್ಲ.

ಓದಿ ಹೇಳಿದವರು ಪಕ್ಕದ ಮನೆಯ ಸುತಾರ್ಮಿ. ಅವರಿಗೆ ಕಲಿಸಿದವರೂ ಕಸಿನೆಮ್ಮೇ, ಆದರೆ ಸುತಾರ್ಮಿ ಪಾಸಾಗಿದ್ದರು.

"ಇನ್ನೂ ಅಂತ ಬರೆದಿದಾರಕ್ಕ. ಅಂದ್ರೆ ನೀನಿನ್ನೂ ಚಿಕ್ಕೋಳು, ಬೆಳೀತೀಯ."

"ಬೆಳೀತೀನಿ ಬಿಡೇ. ಮೊದಲು ಹಲ್ಲು ಬರ್ಲಿ."

ಇಬ್ಬರೂ ನಕ್ಕರಂತೆ. ಮರುವಾರದಿಂದ ಹಜಾರದಲ್ಲಿ ಕಸಿನೆಮ್ ಮಣೆಯ ಮೇಲೆ ಸುತಾರ್ಮಿ ಕೂತರು. ಗುಂಪಿನವರು ತಲೆ ತಗ್ಗಿಸಿಕೊಂಡೇ ಬಂದು ಹೇಳಿದರು, ಮೇಲಿನವರು ಬಂದು ನೋಡಿದರೆ ಹಜಾರಕ್ಕೇ ಬೀಗ ಬೀಳುತ್ತದೆ ಎಂದು. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ, ಅದೇ ಹೆಚ್ಚು ಉರಿಯುವ ವಿಷಯ. ಹಿಂಬದಿಯ ಕೆಲಸವನ್ನಾದರೂ ಕೊಡುತ್ತೇವೆ ಎಂದರು. ಕಸಿನೆಮ್ ಒಪ್ಪಿದರು, ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತರು. ಈಗಲೂ ಹಜಾರದಲ್ಲಿ ಯಾರ ಕೈಯಾದರೂ ದಾರಿಗೆ ಬರದಿದ್ದರೆ ಸುತಾರ್ಮಿ ಅವರನ್ನು ಸದ್ದಿಲ್ಲದೆ ಈ ಹಿತ್ತಲಿಗೆ ಕಳಿಸುತ್ತಾರೆ. ಬಂದವರಿಗೆ ಕಸಿನೆಮ್ ಟೀ ಕೊಟ್ಟು, ಮಣಿಕಟ್ಟು ತಿದ್ದಿ, ಹಿಂದಿನ ದಾರಿಯಲ್ಲೇ ವಾಪಸ್ ಕಳಿಸಬೇಕು. ತನ್ನ ಊರಿನಲ್ಲೇ ಕದ್ದು ಕಲಿಸಬೇಕಾಗಿದೆ.

"ಊಟ ಹೇಗೋ ನಡೆಯತ್ತೆ, ಸೋಯಾಕಾಳಿನ ಟೆಂಪೆ ಹುರ್ಕೊಂಡು ತಿಂತೀನಿ. ಹಜಾರದಲ್ಲಿ ಕೂತ್ಕೊಂಡು ನಾಲ್ಕು ಜನರ ಮುಂದೆ ಕಲಿಸ್ಬೇಕು, ಅಷ್ಟೇ" ಎನ್ನುತ್ತಾರೆ.

ಹೋದ ವರ್ಷ ಅದೇ ಆಸೆಯಿಂದ ಎರಡನೇ ಸಲ ಪರೀಕ್ಷೆಗೆ ಹೋದರು. ಪೆನ್ಸಿಲ್ ಬಾರದವರಿಗೆ ರಿಯಾಯಿತಿ ಇತ್ತು, ಗೆರೆ ಎಳೆದ ಬಟ್ಟೆಯನ್ನೇ ಕೊಡುತ್ತಿದ್ದರು. ಅದರ ಮೇಲೆ ಮೇಣ ಹಾಯಿಸಿದರೆ ಸಾಕು, ಅವರಿಗದು ನಿದ್ದೆಯಲ್ಲೂ ಬರುವ ಕೆಲಸ. ಚಂಟಿಂಗಿಗೆ ಊದಬಾರದು ಎಂಬುದನ್ನೂ ನೆನಪಿಟ್ಟುಕೊಂಡು, ಮೂತಿಯ ಕಸವನ್ನು ತೆಂಗಿನ ನಾರಿನಿಂದ ತೆಗೆದರು. ಬಟ್ಟೆಯ ಮೇಲಿದ್ದದ್ದು ಪರಾಂಗ್ ಚಿತ್ತಾರ. ಬಾಗಿದ ಕತ್ತಿಗಳು ಒಂದರ ಕೊರಳಿಗೆ ಇನ್ನೊಂದು ಕೊಂಡಿ ಹಾಕಿಕೊಂಡು, ಮೂಲೆಯಿಂದ ಮೂಲೆಗೆ ಓರೆಯಾಗಿ ಸಾಗುವ ಸಾಲು. ಅದು ಎಲ್ಲೂ ತುಂಡಾಗಬಾರದು. ತುಂಡಾದ ಪರಾಂಗ್ ಉಟ್ಟವರ ಬಾಳು ಅಲ್ಲೇ ಮುರಿಯುತ್ತದೆ ಎಂದು ಇಲ್ಲಿನ ಹೆಂಗಸರು ನಂಬುತ್ತಾರೆ, ಅಂಥ ಬಟ್ಟೆಗೆ ಕೈ ಹಚ್ಚುವುದಿಲ್ಲ.

ಅರ್ಧ ಬರೆದ ಮೇಲೆ ಕಸಿನೆಮ್ ಕೈ ನಿಂತಿತು. ಬಟ್ಟೆಗೆ ಗೆರೆ ಎಳೆದವರು ಮಾದರಿ ಕಾಗದವನ್ನು ಜರುಗಿಸಿ ಎರಡನೇ ಸಲ ಇಟ್ಟ ಕಡೆ ಬೆರಳಗಲ ತಪ್ಪಿ, ಎರಡು ಕತ್ತಿಗಳ ಕೊರಳು ಕೂಡಿರಲಿಲ್ಲ. ಉಸ್ತುವಾರಿಗೆ ನಿಂತಿದ್ದ ಹುಡುಗಿಯನ್ನು ಕರೆದು ತೋರಿಸಿದರು.

"ಇಲ್ಲಿ ಕಡಿದುಹೋಗಿದೆ, ನೋಡಮ್ಮ."

"ಗೆರೆ ಹೆಂಗಿದ್ಯೋ ಹಂಗೇ ಬರೀರಿ ಅಜ್ಜಿ."

"ಇದನ್ನ ಉಟ್ಕೊಂಡವರ ಗತಿ?"

"ಪರೀಕ್ಷೆ ಬಟ್ಟೇನ ಯಾರು ಉಡ್ತಾರೆ ಅಜ್ಜಿ!"

ಅನಿಂದ್ಯಾ ಎದುರಿನ ಮೇಜಿನಲ್ಲೇ ಕೂತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಕಾಗದಕ್ಕೆ ಮುಖ ಹಾಕಿದಳು. ಕಸಿನೆಮ್ ಚಂಟಿಂಗನ್ನು ಮತ್ತೆ ಮೇಣಕ್ಕೆ ಅದ್ದಿದರು. ಕಣ್ಣು ಮುಚ್ಚಿ ಗೆರೆ ಎಳೆದುಬಿಟ್ಟಿದ್ದರೆ ಹಜಾರದ ಮಣೆ ಮತ್ತೆ ಅವರದಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಆದರೆ ಅವರು ಕಡಿದ ಜಾಗದ ಹಿಂದಿನ, ಇನ್ನೂ ಮೇಣ ತಾಗದ ಮೂರು ಕತ್ತಿಗಳನ್ನು ಕೂದಲೆಳೆಯಷ್ಟು ಹಿಗ್ಗಿಸಿ, ಮುಂದಿನವನ್ನು ಕುಗ್ಗಿಸಿ, ಎರಡು ಕೊರಳನ್ನೂ ಕೂಡಿಸಿದರು. ಪೆನ್ಸಿಲಿನ ಗೆರೆ ಮೇಣದ ಆಚೆ ಒಂಟಿಯಾಗಿ ಉಳಿಯಿತು. ಫಲಿತಾಂಶದಲ್ಲಿ "ಕೊಟ್ಟ ಗೆರೆ ಬಿಟ್ಟು ಹೋಗಿದ್ದಾರೆ" ಎಂದು ಬಂತು. ಕೆಳಗೆ ಅದೇ ದಪ್ಪಕ್ಷರ, ಅದರ ಕೆಳಗೆ ಅನಿಂದ್ಯಾಳ ಸಹಿ.

ಕಳೆದ ತಿಂಗಳು ಅನಿಂದ್ಯಾ ಬಂದಿದ್ದಳು, ಕಾರನ್ನು ಹಜಾರದ ಹತ್ತಿರವೇ ಬಿಟ್ಟು ನಡೆದುಕೊಂಡು. ಜೊತೆಗೆ ಒಂದು ಪೊಟ್ಟಣ ಸಕ್ಕರೆ, ಮೂರನೇ ಸಲದ ಅರ್ಜಿ. ಕಸಿನೆಮ್ ಒಲೆ ಸಣ್ಣ ಮಾಡಿ ಚಾಪೆ ಹಾಸಿದರು.

"ಈ ಸಲ ಗೆರೆ ಮೇಲೇ ಹೋಗಿಬಿಡಿ ಅಮ್ಮ. ನಾನೇ ಇರ್ತೀನಿ, ಪಾಸಾಗ್ತೀರ."

"ಒಂದು ಕೇಳ್ತೀನಿ, ನಿಜ ಹೇಳ್ತೀಯಾ? ಆವತ್ತು ಆ ಬಟ್ಟೇಲಿ ಪರಾಂಗ್ ಕಡಿದಿದ್ದು ನಿನ್ನ ಕಣ್ಣಿಗೆ ಬಿದ್ದಿತ್ತಾ?"

ಅನಿಂದ್ಯಾ ಕೈಯಲ್ಲಿದ್ದ ಟೀ ಲೋಟವನ್ನು ಚಾಪೆಯ ಪಕ್ಕಕ್ಕಿಟ್ಟಳು.

"ಬಿದ್ದಿತ್ತಮ್ಮ. ನೀವು ಹೇಳೋಕೆ ಮೊದಲೇ, ಬಟ್ಟೆ ಬಿಡಿಸಿದ ತಕ್ಷಣ ಕಂಡಿತ್ತು. ಆದ್ರೆ ಮೇಲಿಂದ ಒಪ್ಪಿ ಬಂದಿದ್ದ ಮಾದರಿ ಅದು. ಗೆರೆ ಮೇಲೆ ಹೋಗಿದಾರೋ ಇಲ್ಲವೋ, ಅಷ್ಟೇ ನೋಡೋಕೆ ನನ್ನ ಕೂರಿಸಿದ್ದು."

ಕಸಿನೆಮ್ ಅರ್ಜಿಯನ್ನು ಎರಡು ಮಡಿಕೆ ಮಾಡಿ ಅವಳ ಚೀಲದೊಳಗಿಟ್ಟರು.

"ಒಂದು ವರ್ಷದಿಂದ ಅದೇ ಕೊರಗು ನನಗೆ, ಇವಳಿಗೆ ಅಷ್ಟೂ ಕಾಣದ ಹಾಗೆ ಕಲಿಸಿದ್ನಲ್ಲ ಅಂತ. ಕಂಡಿತ್ತು ಅಂದ್ಯಲ್ಲ, ಸಾಕು. ನಾನು ಕಲಿಸಿದ್ದು ಸರಿಯಾಗೇ ಇದೆ. ನೀನಿನ್ನು ಹೊರಡು ಮಗಳೇ, ಮೇಣ ಆರ್ತಾ ಇದೆ."