ಹಬ್ಬ ಮುಗಿಯಲಿ ಎಂದವಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ರವೀಂದ್ರನಗರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿದ್ದೆ. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಕೆಲಸ. ನೆಂಟರಿಷ್ಟರ ಕಣ್ಣಿಗೆ ಮಾತ್ರ ನಾನು ಅರ್ಧ ಡಾಕ್ಟರು. ಶ್ರಾವಣ ಬಂತೆಂದರೆ ಹೆಂಗಸರು ಒಬ್ಬೊಬ್ಬರೇ ಪಕ್ಕಕ್ಕೆ ಕರೆದು ಕೇಳುವರು: "ಡೇಟ್ ಮುಂದಕ್ಕೆ ಹೋಗೋ ಮಾತ್ರೆ ತಂದ್ಕೊಡೇ ಮಾರಾಯ್ತಿ. ಪೂಜೆ ದಿನಾನೇ ಹೊರಗಾದ್ರೆ ಏನ್ ಗತಿ?" ಪರಿಚಯದ ಮೆಡಿಕಲ್ ಶಾಪಿನವನು ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ. ಅದೊಂದು ಹಾರ್ಮೋನು, ಮೈಯೊಳಗೆ ಏನೇನೋ ಬದಲಾಯಿಸುತ್ತದೆ ಎಂದು ನಾನೂ ಯೋಚಿಸುತ್ತಿರಲಿಲ್ಲ. ಕೋಸಂಬರಿ ಹಂಚಿದ ಹಾಗೆ ಹಂಚುತ್ತಿದ್ದೆ. ಹೊಗಳಿದರೆ ಉಬ್ಬುತ್ತಿದ್ದೆ.

ನನ್ನ ಅಕ್ಕನನ್ನು ಭದ್ರಾವತಿಯ ನ್ಯೂಟೌನಿಗೆ ಕೊಟ್ಟಿದ್ದರು. ಭಾವನಿಗೆ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾದ ಮೊದಲ ವರ್ಷ. ಹೊಸ ಸೊಸೆಯ ಕೈಯಿಂದಲೇ ಎಲ್ಲ ಪೂಜೆ ಆಗಬೇಕೆಂದು ಅತ್ತೆಗೆ ಆಸೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮಾತ್ರೆ ಕೊಟ್ಟುಬಂದೆ. ಅದರ ಬೆನ್ನಿಗೇ ನಾದಿನಿಯ ಸೀಮಂತ, ಆಮೇಲೆ ಗೌರಿ. ಎರಡೇ ದಿನ ಬಿಟ್ಟು ಇನ್ನೊಂದು ಪಟ್ಟಿ ಮಾತ್ರೆ ಹಿಡಿದು ಮತ್ತೆ ಹೋದಾಗ ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಬಿಳುಪು ಹೋಗ್ತಿದೆ ಕಣೇ, ಕೆಟ್ಟ ವಾಸನೆ. ಕೆಳಹೊಟ್ಟೆ ಬೇರೆ ಎಳೀತಿದೆ. ಡಾಕ್ಟರಿಗೆ ತೋರಿಸ್ಲಾ?"

"ಅಯ್ಯೋ, ಉಷ್ಣ ಅಷ್ಟೇ. ಬಾರ್ಲಿ ನೀರು ಕುಡಿ. ಹಬ್ಬ ಮುಗೀಲಿ, ಆಮೇಲೆ ತೋರಿಸಿದ್ರಾಯ್ತು," ಅಂದೆ.

ಹೀಗೆ ಅಂದವಳು ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂರುವ ನಾನು! ಲ್ಯಾಬಿಗೆ ಬಂದ ಯಾವ ಹೆಂಗಸಾದರೂ ಇಷ್ಟೇ ಮಾತು ಹೇಳಿದ್ದರೆ, "ಈಗಲೇ ಡಾಕ್ಟರ ಹತ್ರ ಹೋಗಮ್ಮ" ಎಂದು ಗದರಿಸಿ ಕಳಿಸುತ್ತಿದ್ದೆ. ಸ್ವಂತ ಅಕ್ಕನಿಗೆ ಬಾರ್ಲಿ ನೀರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೂರು ವಾರ ಕಳೆಯಿತು. ಗೌರಿಗೆ ಬಾಗಿನ ಕೊಟ್ಟ ಮಾರನೆಯ ದಿನ ಅವಳಿಗೆ ನಡುಗುವಂಥ ಜ್ವರ, ಎದ್ದು ನಿಲ್ಲಲಾಗದ ಹೊಟ್ಟೆನೋವು. ಶಿವಮೊಗ್ಗಕ್ಕೆ ಕರೆತಂದು ಹೆಂಗಸರ ಡಾಕ್ಟರಿಗೆ ತೋರಿಸಿದೆವು. ಅವರು ತೆಗೆದ ಸ್ಯಾಂಪಲ್ ನಮ್ಮ ಲ್ಯಾಬಿಗೇ ಬಂತು. ಸ್ಲೈಡಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಬಿಳಿ ರಕ್ತಕಣಗಳ ಒಳಗೇ ಗುಲಾಬಿ ಚುಕ್ಕೆಗಳು ಜೋಡಿ ಜೋಡಿಯಾಗಿ ಕೂತಿದ್ದವು. ಹೊರಗೆಲ್ಲೋ ಹತ್ತಿಸಿಕೊಂಡ ಗಂಡನಿಂದ ಹೆಂಡತಿಗೆ ಬರುವ ಬ್ಯಾಕ್ಟೀರಿಯಾ ಅದು. ಭಾವನನ್ನು ನಿಲ್ಲಿಸಿ ಕೆನ್ನೆಗೆರಡು ಬಾರಿಸಬೇಕು ಅನ್ನಿಸಿತು.

ಡಾಕ್ಟರು ಇಬ್ಬರಿಗೂ ಔಷಧಿ ಕೊಟ್ಟರು. ನಾನು ಒಬ್ಬಳೇ ಹಿಂದೆ ಉಳಿದು ಮಾತ್ರೆಗಳ ವಿಷಯ ಬಾಯಿಬಿಟ್ಟೆ. ಅವರು ಬೈಯಲಿಲ್ಲ.

"ನೋಡಮ್ಮ, ರೋಗಾಣು ಬಂದ ಮೊದಲ ದಿನಗಳಲ್ಲಿ ಆ ಜಾಗದ ಕಾವಲು ಹೇಗಿರುತ್ತೆ ಅನ್ನೋದು ಹಾರ್ಮೋನಿನ ಮೇಲೂ ನಿಂತಿರುತ್ತೆ. ಒಳಗಿನ ಪದರ ಎಷ್ಟು ದಪ್ಪ, ರಕ್ತಕಣಗಳು ಎಷ್ಟು ಬೇಗ ಓಡಿಬರ್ತಾವೆ, ಎಲ್ಲಾ ತಿಂಗಳೊಳಗೇ ಬದಲಾಗ್ತಿರುತ್ತೆ. ಒಂದು ಹಾರ್ಮೋನು ಒಂದು ಕಡೆ ಕಾಯುತ್ತೆ, ಇನ್ನೊಂದು ಕಡೆ ಸಡಿಲ ಬಿಡುತ್ತೆ. ನಿಮ್ಮ ಮಾತ್ರೆಯಿಂದ ಸೋಂಕು ಬರಲಿಲ್ಲ. ಅದು ಕಾವಲನ್ನ ಸಡಿಲ ಮಾಡಿರಬಹುದು, ಮಾಡದೇನೂ ಇರಬಹುದು. ಅದು ನನಗೂ ಗೊತ್ತಾಗಲ್ಲ. ಆದರೆ ಮೂರು ವಾರ ಬಿಟ್ಟಿದ್ದು ತಪ್ಪು. ಅಷ್ಟರಲ್ಲಿ ಸೋಂಕು ಗರ್ಭನಾಳಕ್ಕೆ ಏರಿಬಿಟ್ಟಿದೆ. ಮುಂದೆ ಮಕ್ಕಳಾಗೋದಕ್ಕೆ ಕಷ್ಟ ಆಗಬಹುದು."

ಸೋಂಕು ವಾಸಿಯಾಯಿತು. ಎರಡು ವರ್ಷ ಕಳೆದರೂ ಅಕ್ಕ ಬಸಿರಾಗಲಿಲ್ಲ. ಅವಳಿಗೆ ಮಕ್ಕಳೆಂದರೆ ಜೀವ. ಅಕ್ಕಪಕ್ಕದ ಕೂಸುಗಳನ್ನು ಕಂಕುಳಿಂದ ಇಳಿಸುತ್ತಿರಲಿಲ್ಲ. ಕೊನೆಗೆ ಅದೇ ಡಾಕ್ಟರು ಗರ್ಭಕೋಶಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಸಿದರು. ಎರಡೂ ನಾಳ ಮುಚ್ಚಿಹೋಗಿದ್ದವು.

ಅವತ್ತು ಅವಳನ್ನು ಭದ್ರಾವತಿಗೆ ಬಿಟ್ಟುಬರಲು ನಾನೂ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಅವಳೇ ಕೇಳಿದಳು.

"ಆ ಮಾತ್ರೆ ನುಂಗಿದ್ದಕ್ಕೇ ಹಿಂಗಾಯ್ತಾ?"

ತಮಗೂ ಗೊತ್ತಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಅಷ್ಟನ್ನೇ ಹೇಳಿ ಸುಮ್ಮನಾಗಿದ್ದರೆ ಅದು ಸುಳ್ಳೇನೂ ಆಗುತ್ತಿರಲಿಲ್ಲ. ಹಾಗೇ ಮಾಡಿಬಿಡಲೇ ಎಂದು ಯೋಚಿಸಿದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

"ಮಾತ್ರೆಯಿಂದ ಹೌದೋ ಅಲ್ವೋ ಗೊತ್ತಿಲ್ಲ ಅಕ್ಕ. ತಡವಾಗಿದ್ದಕ್ಕೆ ಹಿಂಗಾಯ್ತು. ಡಾಕ್ಟರಿಗೆ ತೋರಿಸ್ಲಾ ಅಂತ ನೀನು ಕೇಳಿದ್ದೆ. ಬೇಡ ಅಂದಿದ್ದು ನಾನು."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತು ಅಮ್ಮನಿಗೂ ಹೇಳಿರ್ಲಿಲ್ಲ ಕಣೇ," ಅಂದಳು. "ನಿನಗೊಬ್ಬಳಿಗೇ ಹೇಳಿದ್ದು."