ತಿಂದದ್ದು ಮೊದಲು, ಕೋವಿ ಆಮೇಲೆ

ಅರಸೀಕೆರೆಯಲ್ಲಿ ಕೋವಿ ರಿಪೇರಿ ಮಾಡುವವರೊಬ್ಬರಿದ್ದರು. ತೊಂಬತ್ತರ ದಶಕದಲ್ಲಿ ಕೋತಿ ಕಾಟಕ್ಕೆ ಕೋವಿ ಕೊಳ್ಳುವ ತೆಂಗಿನ ತೋಟದವರೆಲ್ಲ ಯಾವುದು ಒಳ್ಳೆಯದೆಂದು ಅವರನ್ನೇ ಕೇಳುತ್ತಿದ್ದರು. ಅವರು ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಂಡು, "ಮೊದ್ಲು ಮಾರೋರ ಕೈಲಿ ನಾನೇನ್ ತಿಂದಿದೀನಿ ಅಂತ ಹೇಳ್ಬುಡ್ತೀನಿ, ಆಮೇಲೆ ಕೋವಿ ವಿಚಾರ" ಎನ್ನುತ್ತಿದ್ದರು. ಒಮ್ಮೆ ಬರೀ ಕಾಫಿ, ಇನ್ನೊಮ್ಮೆ ಮಸಾಲೆ ದೋಸೆ. ಅವರ ಹೊಗಳಿಕೆಯಲ್ಲಿ ಅಷ್ಟನ್ನು ಕಳೆದು ನಾವು ಕೇಳಿಸಿಕೊಳ್ಳಬೇಕಿತ್ತು.

ಒಂದು ಸಲ ಅಂಗಡಿಯವನೊಬ್ಬ ಹೊಸ ಏರ್‌ಗನ್ ಹಿಡಿದು ಬಂದ. ಅವರಿಗೆ ತುಪ್ಪ ಸುರಿದು ಆರು ಹೋಳಿಗೆ ತಿನ್ನಿಸಿ, ಕಣಕಟ್ಟೆಯ ನಮ್ಮ ತೋಟಕ್ಕೆ ಕರೆತಂದ. ನಮ್ಮಪ್ಪ ಕೊಳ್ಳಲು ತಯಾರಾಗಿಯೇ ನಿಂತಿದ್ದರು. ಸುತ್ತಲಿನ ತೋಟದವರೂ ಸೇರಿದ್ದರು.

ರಿಪೇರಿಯವರು ಆಕಾಶಕ್ಕೆ ಹಿಡಿದು ಹೊಡೆದರು. ಮರದ ಮೇಲಿದ್ದ ಕೋತಿ ಒಮ್ಮೆ ಕೆಳಗೆ ನೋಡಿ, ಮತ್ತೆ ಎಳನೀರು ಕುಡಿಯತೊಡಗಿತು.

"ಹೇಳಿ ಯಜಮಾನ್ರೇ, ಹೆಂಗೈತೆ?" ಎಂದ ಅಂಗಡಿಯವನು, ಎಲ್ಲರಿಗೂ ಕೇಳುವ ಹಾಗೆ.

ಅವರು ನಮ್ಮಪ್ಪನ ಕಡೆ ತಿರುಗಿದರು. "ಬಲು ಚೆನ್ನಾಗೈತೆ ಕಣ್ರೀ. ಆದ್ರೆ ನಾನು ಆರು ಹೋಳಿಗೆ ತಿಂದಿದೀನಿ. ಆ ಕೋತೀನ ಕೇಳಿ, ಅದು ಒಂದೂ ತಿಂದಿಲ್ಲ."